ಯಾವ ಗೋರಿಯ ಸ್ಟಮಾಟಿಯಾ?

"ಸತ್ತವರ ಹೆಸರು ಕೊಟ್ಟವರನ್ನೆಲ್ಲ 'ಯಾವ ಗೋರಿ?' ಅಂತ ಕೇಳಿ ಪಾದ್ರಿಗಳೇ. ಕೇಳ್ದೆ ಮಾತ್ರ ಓದ್ಬೇಡಿ."

ದೀಪಕ್ಕೆ ಎಣ್ಣೆ ಹಾಕುತ್ತಲೇ ಝೀಸಿಸ್ ಮುದುಕ ಇಷ್ಟು ಹೇಳಿದ. ಅರವತ್ತು ವರ್ಷ ನಮ್ಮ ಚರ್ಚಿನ ಗಂಟೆ ಹೊಡೆದವನು. ಪಿಂಡಸ್ ಬೆಟ್ಟದ ನಮ್ಮೂರಿಗೆ ಆ ಶರತ್ಕಾಲದಲ್ಲಿ ಹೊಸದಾಗಿ ಬಂದಿದ್ದ ಪಾದ್ರಿ ಅನೆಸ್ಟಿಸ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ದೇವರಿಗೆ ವಿಳಾಸ ಬೇಕೇನಜ್ಜ? ಅವನೇನು ಅಂಚೆಯವನಾ?"

ಮುದುಕ ಎಣ್ಣೆಯ ಕುಡಿಕೆ ಎತ್ತಿಕೊಂಡು ಮುಂದಿನ ದೀಪಕ್ಕೆ ಹೋದ.

ಕ್ರಿಸ್‌ಮಸ್ಸಿಗೆ ಮುಂಚಿನ ನಲವತ್ತು ದಿನ ನಮ್ಮಲ್ಲಿ ಉಪವಾಸ, ಪ್ರತಿ ಬೆಳಿಗ್ಗೆ ಪೂಜೆ. ಮನೆಮನೆಯಿಂದ ಚೀಟಿ ಬರುತ್ತವೆ, ಬದುಕಿರುವವರದೊಂದು, ಸತ್ತವರದೊಂದು. ಪಾದ್ರಿ ದಿನವೂ ಅಷ್ಟನ್ನೂ ಓದಬೇಕು. ಬರೀ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು, ಮನೆತನದ ಹೆಸರಿಲ್ಲ. ಬದುಕಿರುವವರ ಹೆಸರು ಸತ್ತವರ ಪಟ್ಟಿಗೆ ನುಸುಳಿ ನಲವತ್ತು ಸಲ ಓದಿಸಿಕೊಂಡರೆ ಮುಗಿಯಿತು, ನಲವತ್ತನೆಯ ದಿನ ಮಣ್ಣು ಅವರನ್ನು ಕೇಳುತ್ತದೆ. ಇದು ನಮ್ಮೂರ ಹಸುಗೂಸಿಗೂ ಗೊತ್ತು. ಪಟ್ಟಣದಲ್ಲಿ ಓದಿ ಬಂದವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಆ ವರ್ಷ ಅರ್ಗಿರೋ ಕೂಡ ಚೀಟಿ ತಂದಳು. ದಾರಕ್ಕೆ ಗಂಟು ಹಾಕಿ ಗಂಡಸರನ್ನು ಕಟ್ಟುವ ಮಾಟಗಾತಿ. ಹಿಂದಿನ ಭಾನುವಾರ ಅನೆಸ್ಟಿಸ್ ಅವಳ ದಾರವೊಂದನ್ನು ಮೇಲ್ತುಟಿಗೆ ಮೀಸೆಯಂತೆ ಇಟ್ಟುಕೊಂಡು, ಅವಳೆದುರೇ ಊರನ್ನೆಲ್ಲ ನಗಿಸಿದ್ದರು. ಈಗ ಅವಳು ತಲೆ ತಗ್ಗಿಸಿ ಅವರ ಕೈಗೆ ಮುತ್ತಿಟ್ಟು ಚೀಟಿ ಕೊಟ್ಟಳು. ನನ್ನ ಬೋಧನೆಗೇ ದಾರಿಗೆ ಬಂದಳು ಎಂದು ಅವರು ಬೀಗಿದ್ದೇನು! ಸತ್ತವರ ಚೀಟಿ. ಒಂದೇ ಹೆಸರು. ಸ್ಟಮಾಟಿಯಾ.

ಪಾದ್ರಿಯ ಹೆಂಡತಿಯ ಹೆಸರೂ ಅದೇ. ಆದರೆ ಮನೆಯಲ್ಲಿ ಅವಳು ಮತೂಲಾ, ಊರಿಗೆ ಪಾದ್ರಿಯಮ್ಮ. ಇನ್ನೂರು ಹೆಸರನ್ನು ಒಂದೇ ಉಸಿರಿಗೆ ಓದಿ ಮುಗಿಸುವವರಿಗೆ ಅದು ಹೊಳೆಯಲೇ ಇಲ್ಲ.

ಮೂರನೆಯ ದಿನ ಮತೂಲಾ ಗಂಡನಿಗೆ ಹೇಳಿದಳು, "ನೀವು ಚರ್ಚಿಗೆ ಹೋದ್ಮೇಲೆ ಯಾರೋ ನನ್ನ ಕರೀತಾರೆ ಕಣ್ರೀ. ಥೇಟ್ ನಿಮ್ಮದೇ ದನಿ. ನಾನೂ 'ಬಂದೆ' ಅಂದ್ಬಿಡ್ತೀನಿ."

ಉಪವಾಸದ ಹೊಟ್ಟೆಗೆ ಹಾಗೆಲ್ಲ ಕೇಳಿಸುತ್ತದೆ ಎಂದರು ಅವರು. ಹತ್ತನೆಯ ದಿನಕ್ಕೆ ಅವಳಿಗೆ ರೊಟ್ಟಿ ಮಣ್ಣಿನ ರುಚಿ ಹತ್ತಿತು. ಇಪ್ಪತ್ತಕ್ಕೆ ಉಗುರಿನ ಸಂದಿಯಲ್ಲಿ ಕೆಮ್ಮಣ್ಣು, ಎಷ್ಟು ತೊಳೆದರೂ ಬೆಳಿಗ್ಗೆ ಮತ್ತೆ ಇರುತ್ತಿತ್ತು. ಅವಳ ಕೂದಲಿನಿಂದ ಬೇಯಿಸಿದ ಗೋಧಿ, ಸಕ್ಕರೆ, ದಾಲ್ಚಿನ್ನಿಯ ವಾಸನೆ ಬರತೊಡಗಿತು. ಗೋರಿಯ ಮುಂದೆ ನಾವು ಹಂಚುವ ಪ್ರಸಾದದ ವಾಸನೆ ಅದು. ನೋಡಲು ಬಂದ ಹೆಂಗಸರು ಮೂಗು ಮುಚ್ಚಿಕೊಂಡು, ಶಿಲುಬೆಯ ಗುರುತು ಹಾಕಿಕೊಂಡು ಎದ್ದುಹೋದರು. ಯಾನಿನಾ ಪಟ್ಟಣದಿಂದ ಬಂದ ಡಾಕ್ಟರಿಗೆ ಏನೂ ಸಿಗಲಿಲ್ಲ. ಪಾದ್ರಿಯ ಹೆಂಡತಿಯಾಗಿ ನಿನಗೆ ನಂಬಿಕೆ ಸಾಲದು ಎಂದು ಅನೆಸ್ಟಿಸ್ ಮೂಳೆ ಚಕ್ಕಳವಾದವಳನ್ನು ನೆರೆಯವರೆದುರೇ ಗದರಿದರು. ಅವಳು ಕ್ಷಮಿಸಿ ಅಂದಳು.

ಮೂವತ್ತೊಂಬತ್ತನೆಯ ಬೆಳಿಗ್ಗೆ ಮಂಜು ಕಿಟಕಿಗಳನ್ನೇ ನುಂಗಿತ್ತು. ಚರ್ಚಿನೊಳಗೆ ಮೇಣ, ಸಾಂಬ್ರಾಣಿ, ಒದ್ದೆ ಉಣ್ಣೆಯ ವಾಸನೆ. ಅನೆಸ್ಟಿಸ್ ಸತ್ತವರ ಪಟ್ಟಿ ಹಿಡಿದರು. ಓದಿದರು. ಸ್ಟಮಾಟಿಯಾ ಎಂದರು.

"ಬಂದೆ."

ದನಿ ಸ್ಮಶಾನದ ಕಡೆಯ ಬಾಗಿಲಿನಿಂದ ಬಂತು. ಅವರು ತಿರುಗಿದರು. ಮತೂಲಾ. ಬರಿಗಾಲು. ಮೊಣಕಾಲತನಕ ಕೆಸರು. ಕಣ್ಣು ತೆರೆದಿದೆ, ನೋಟವಿಲ್ಲ. ತುಟಿಯಲ್ಲಿ ಮಣ್ಣು. ಒಂದು ಹೆಜ್ಜೆ. ಇನ್ನೊಂದು. ಜನ ಗೋಡೆಗೆ ಒತ್ತಿಕೊಂಡರು.

ಆಗ ಹೊಳೆಯಿತು ಅವರಿಗೆ. ಹೊಳೆದೊಡನೆ ಮಾಡಿದ್ದೇನು? ಚೀಟಿಯನ್ನು ಅಂಗಿಯ ತೋಳೊಳಗೆ ತುರುಕಿದರು. ಹೆಂಡತಿ ಕಣ್ಣೆದುರು ಹೆಣವಾಗುತ್ತಿದ್ದಾಳೆ, ಇವರಿಗೆ ಮರ್ಯಾದೆಯ ಚಿಂತೆ! ಥೂ. ಈ ಮಾತು ನನ್ನದಲ್ಲ, ಆಮೇಲೆ ಅವರೇ ತಮಗೆ ಹೇಳಿಕೊಂಡದ್ದು.

ಝೀಸಿಸ್ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಅಡಗಿಸಿದ್ರೂ ಹರಿದ್ರೂ ಹೋಗಲ್ಲ ಅದು. ಬಾಯಲ್ಲಿ ಕಳಿಸಿದ್ದೀರಿ. ಬಾಯಲ್ಲೇ ಬಿಡಿಸಿ."

ಅನೆಸ್ಟಿಸ್ ಜನರ ನಡುವೆ ಕಲ್ಲುನೆಲಕ್ಕೆ ಮಂಡಿಯೂರಿದರು. ಮುದುಕನ ಮಾತಿಗೆ ನಕ್ಕದ್ದು, ಅರ್ಗಿರೋಳನ್ನು ನಗೆಪಾಟಲು ಮಾಡಿದ್ದು, ಮೂವತ್ತೊಂಬತ್ತು ದಿನ ಹೆಂಡತಿಯನ್ನು ತಾವೇ ಗೋರಿಗೆ ಕರೆದದ್ದು, ಈಗಷ್ಟೇ ಚೀಟಿ ಬಚ್ಚಿಟ್ಟದ್ದು, ಎಲ್ಲವನ್ನೂ ಒಪ್ಪಿಕೊಂಡರು. ಅರ್ಗಿರೋ ಮೇಣದಬತ್ತಿಗಳ ಹಿಂದಿನಿಂದ ಸದ್ದಿಲ್ಲದೆ ಹೊರಟುಹೋದಳು. ತಡೆಯುವ ಮುಖ ಅವರಿಗಿರಲಿಲ್ಲ.

ಪ್ರಾರ್ಥನೆ ಶುರುಮಾಡಿದರು. ನಾಲಿಗೆ ಕಲ್ಲಾಯಿತು. ದೀಪಗಳು ಒಂದೊಂದೇ ಆರಿದವು. ಮತೂಲಾ ಕುಸಿದಳು. ಉಸಿರಿಲ್ಲ. ಅವರು ಅವಳ ತಣ್ಣನೆಯ ಪಾದ ಹಿಡಿದರು. ಸಾವಿರ ಸಲ ಗಿಣಿಪಾಠ ಒಪ್ಪಿಸಿದ್ದ ಮಾತು ಮೊದಲ ಸಲ ಕರುಳಿನಿಂದ ಬಂತು.

"ಕೇಡಿನಿಂದ ಬಿಡಿಸಪ್ಪಾ. ನನ್ನಿಂದ ಇವಳನ್ನ ಬಿಡಿಸು. ಬದುಕಿದ್ದಾಳೆ ನನ್ನ ಸ್ಟಮಾಟಿಯಾ."

'ಕರ್ತನೇ ಕರುಣಿಸು' ಎಂದು ಇಡೀ ಊರು ಅತ್ತಿತು. ಮತೂಲಾ ಕೆಮ್ಮಿದಳು. ಹಿಡಿ ಮಣ್ಣು ಕಾರಿದಳು. ನೀರು ಕೇಳಿದಳು.

ಕ್ರಿಸ್‌ಮಸ್ಸಿನ ಬೆಳಿಗ್ಗೆ, ಎರಡು ದಿನ ಎಚ್ಚರವಿಲ್ಲದೆ ಮಲಗಿದ್ದವಳು ಎದ್ದು ಕೆಂಪು ಶಾಲು ಹೊದ್ದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಕೆನ್ನೆಗೆ ರಕ್ತ ಬಂದಿತ್ತು. ಅನೆಸ್ಟಿಸ್ ಅವಳನ್ನೇ ನೋಡುತ್ತ, ಸಾವಿನ ಬಾಯಿಂದ ಕಿತ್ತುಕೊಟ್ಟ ದೇವರನ್ನು ಎದೆ ಬಿರಿಯುವಂತೆ ಹಾಡಿ ಹೊಗಳಿದರು. ಅವರು ಹಾಗೆ ಹಾಡಿದ್ದನ್ನು ನಾವು ಕೇಳಿಯೇ ಇರಲಿಲ್ಲ. ಮುದುಕರೂ ಕಣ್ಣೊರೆಸಿಕೊಂಡರು.

ಮತೂಲಾ ಪಕ್ಕದವಳ ಕಡೆ ಬಾಗಿ ಕೇಳಿದಳು, "ಇವರ್ಯಾಕೆ ಸುಮ್ನೆ ಬಾಯಾಡಿಸ್ತಿದ್ದಾರೆ? ಹಾಡು ಇನ್ನೂ ಶುರುವಾಗ್ಲಿಲ್ವಾ?"

ಅವಳಿಗೆ ಗಂಟೆಯ ಸದ್ದು ಕೇಳುತ್ತದೆ, ನಮ್ಮ ಮಾತು ಕೇಳುತ್ತದೆ, ಹೊರಗೆ ಅರಚುವ ಆಡೂ ಕೇಳುತ್ತದೆ. ಗಂಡನ ದನಿಯೊಂದು ಮಾತ್ರ ಅವಳ ಕಿವಿಗೆ ಬೀಳುವುದಿಲ್ಲ, ಇವತ್ತಿಗೂ. ಅನೆಸ್ಟಿಸ್ ಆ ಪ್ರಶ್ನೆಯನ್ನು ಕೇಳಿಸಿಕೊಂಡರು. ತಲೆ ತಗ್ಗಿಸಿದರು. ಹಾಡು ನಿಲ್ಲಿಸಲಿಲ್ಲ.