ಅರ್ಧ ಬಿಳಿಯಾದ ಪೆಟ್ಟಿಗೆ

ಚಳಿ ಕಳೆದು ಬಿಸಿಲು ಇನ್ನೂ ಬಲಿಯದ ದಿನಗಳು. ಊರಾಚೆಯ ಹೊಲದಂಚಿನ ಪೊದೆಗಳು ಹೂ ಬಿಡತೊಡಗಿದ್ದವು. ಮರಕ್ಕೆ ಬಣ್ಣ ಹಚ್ಚುವವರಿಗೆ ಇದೇ ಹದ. ಗಾಳಿಯಲ್ಲಿ ತೇವವಿದ್ದರೆ ಬಣ್ಣ ಆರುವುದಿಲ್ಲ. ಬಿಸಿಲು ಹೆಚ್ಚಾದರೆ ಕುಂಚದ ಗೆರೆ ಮಾಯವಾಗುವ ಮೊದಲೇ ಆರಿಬಿಡುತ್ತದೆ.

ಅವಳು ಬೆಳಗಿನಿಂದ ಆ ಮನೆಯ ಮಲಗುವ ಕೋಣೆಯಲ್ಲಿ ಮೊಣಕಾಲೂರಿ ಕುಳಿತು, ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ಕೋಣೆಗಿದ್ದದ್ದು ಒಂದೇ ಕಿಟಕಿ. ನೆಲ ಕಪ್ಪು ಕಲ್ಲಿನದು. ಪೆಟ್ಟಿಗೆ, ಬೀರು, ಮೂಲೆಯ ಮೇಜು... ಎಲ್ಲವೂ ಒಳಗಿನಿಂದಲೇ ಕಪ್ಪಾದ ಮರದವು, ಕಾಡಿಗೆಗಿಂತ ಒಂದು ಕೂದಲೆಳೆಯಷ್ಟು ತಿಳಿ.

"ನಿಲ್ಸಿ! ಇದನ್ನ ಕೆರೀರಿ ಅಂತ ಯಾರು ಹೇಳಿದ್ರು ನಿಮಗೆ?"

ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಒಬ್ಬ ನಿಂತಿದ್ದ. ತಲೆಗೆ ಬಲೆಯ ಟೋಪಿ, ಕೈಯಲ್ಲಿ ಜೇನುಹುಳಕ್ಕೆ ಹೊಗೆ ಹಾಕುವ ಡಬ್ಬಿ. ಬಲೆಯ ಹಿಂದೆ ಮುಖ ಕಾಣಲಿಲ್ಲ. ಸಿಟ್ಟು ಮಾತ್ರ ಕಂಡಿತು.

"ಮೊದಲು ಆ ಡಬ್ಬಿ ಆಚೆ ಇಟ್ಟು ಬನ್ನಿ! ಇಲ್ಲಿ ಬಣ್ಣಕ್ಕೆ ಹಾಕೋ ಟರ್ಪೆಂಟೈನ್ ಎಣ್ಣೆ ಇದೆ. ಮನೆ ಹತ್ಕೊಂಡ್ರೆ ಆಮೇಲೆ ಕೆರೆಯೋಕೂ ಏನೂ ಉಳಿಯಲ್ಲ."

ಅವನು ಹೋಗಿ ಡಬ್ಬಿ ಇಟ್ಟು, ಟೋಪಿ ತೆಗೆದು ಬಂದ. ಒಂದು ಕಣ್ಣಿನ ರೆಪ್ಪೆ ಹುಳ ಕಚ್ಚಿ ಊದಿತ್ತು. ಸಿಟ್ಟಿನ ಮುಖಕ್ಕೆ ಅದು ಹೊಂದಲೇ ಇಲ್ಲ. ಅವಳು ನಗುವನ್ನು ಕಷ್ಟಪಟ್ಟು ನುಂಗಿಕೊಂಡಳು. ಅವನ ಕಣ್ಣು ಅವಳ ಬಿಳಿ ಬಣ್ಣದ ಡಬ್ಬಿಯ ಮೇಲೆ ಬಿತ್ತು.

"ಎಂಥಾ ಮರ ಇದು! ಇದಕ್ಕೆ ಬಿಳಿ ಬಳಿಯೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

"ಮನಸ್ಸು ನನ್ನದಲ್ಲ. ನಿಮ್ಮ ತಾಯೀದು."

ಅಷ್ಟರಲ್ಲಿ ತಾಯಿ ಗೋಡೆ ಸವರಿಕೊಂಡು ಒಳಗೆ ಬಂದರು. "ಅವಳನ್ನ ಯಾಕೋ ಗದರ್ತೀಯ? ಕರೆಸಿದ್ದು ನಾನು."

"ಅಮ್ಮಾ, ಈ ಕಪ್ಪು ಎಷ್ಟು ಚಂದ ಇದೆ!"

"ನಿನಗೆ ಚಂದ ಕಾಣುತ್ತೆ ಕಣೋ. ನನಗೆ ಅದು ಕಾಣೋದೇ ಇಲ್ಲ."

ತಾಯಿ ಸೀರೆಯ ಅಂಚನ್ನು ಕೊಂಚ ಎತ್ತಿದರು. ಮೊಣಕಾಲಿನ ಕೆಳಗೆ ಹಳೆಯ ಕಲೆಗಳು, ಅವುಗಳ ಮೇಲೆ ಹೊಸವು.

"ಕಪ್ಪು ನೆಲ, ಕಪ್ಪು ಪೆಟ್ಟಿಗೆ. ಹುಡುಕಿಕೊಂಡು ಹೋಗಿ ಎಡವಿದ ಹಾಗೆ ಎಡವ್ತೀನಿ. ಕಣ್ಣು ಮಬ್ಬಾಗಿದೆ ಅಂದ್ರೆ ನೀನು ಕೆಲಸ ಬಿಟ್ಟು ನನ್ನ ಕಾಯ್ತಾ ಕೂರ್ತೀಯ ಅಂತ ಬಾಯಿ ಬಿಡ್ಲಿಲ್ಲ. ಬಿಳಿ ಆದ್ರೆ ಕಂಡೀತು ಅಂತ ಒಂದಾಸೆ."

ಅವನು ಆ ಕಲೆಗಳನ್ನೇ ನೋಡುತ್ತ ನಿಂತ. ಆಮೇಲೆ ಬಗ್ಗಿ ಪೆಟ್ಟಿಗೆಯ ಒಂದು ತುದಿ ಹಿಡಿದ.

"ಇದನ್ನ ಕಿಟಕಿ ಕಡೆ ಸರಿಸ್ಲಾ? ನಿಮಗೆ ಬೆಳಕು ಬೇಕಲ್ವಾ?"

ಸಿಟ್ಟು ಹೀಗೂ ಇಳಿಯುತ್ತದಾ..! ಅವಳು ಇನ್ನೊಂದು ತುದಿ ಹಿಡಿದಳು.

ಆಮೇಲಿನ ದಿನಗಳಲ್ಲಿ ಅವನು ಹೆಚ್ಚು ಮಾತಾಡಲಿಲ್ಲ. ಬೆಳಿಗ್ಗೆ ಬೀರುವಿನ ಬಾಗಿಲು ಕಳಚಿಕೊಡುತ್ತಿದ್ದ, ಸಂಜೆ ಪುಡಿ ಗುಡಿಸುತ್ತಿದ್ದ. ನಡುವೆ ಜೇನುಪೆಟ್ಟಿಗೆಗಳ ಕಡೆ ಹೋಗಿ, ಎಲ್ಲಾದರೂ ಒಂದು ಕಡೆ ಊದಿಸಿಕೊಂಡು ಬರುತ್ತಿದ್ದ.

"ಇವತ್ತು ಕಿವಿ?" ಎಂದಳು ಒಂದು ದಿನ.

"ಅವಕ್ಕೆ ನನ್ನ ಮೇಲೆ ಪ್ರೀತಿ ಜಾಸ್ತಿ."

"ಪ್ರೀತಿ ಅಂದ್ರೆ ಹಿಂಗೆ ಊದ್ಕೊಳ್ಳೋದಾದ್ರೆ ಬೇಡಪ್ಪಾ!"

ಅವನು ನಕ್ಕ. ಅವಳೂ ನಕ್ಕಳು. ನಕ್ಕ ಮೇಲೆ ಎದೆಯಲ್ಲೊಂದು ಅಳುಕು ಹುಟ್ಟಿತು. ಹಿಂದೊಮ್ಮೆ ಒಬ್ಬನನ್ನು ನಂಬಿದ್ದಳು. ಏನು ಕೇಳಿದರೂ ಹೂಂ ಅನ್ನುತ್ತಿದ್ದವನು. ಮದುವೆಗೂ ಹೂಂ ಅಂದಿದ್ದ; ಅಂದವನು ಸದ್ದಿಲ್ಲದೆ ಬೇರೆಯವಳ ಕೈ ಹಿಡಿದ. ಅಂದಿನಿಂದ ಜಗಳ ಆಡುವವರಿಗಿಂತ ಸುಮ್ಮನೆ ಒಪ್ಪುವವರನ್ನು ಕಂಡರೆ ಅವಳಿಗೆ ಭಯ.

ಎಲ್ಲವನ್ನೂ ಉಜ್ಜಿ ಮುಗಿದ ದಿನ, ಪೆಟ್ಟಿಗೆಯ ಎಡ ಅರ್ಧಕ್ಕೆ ಮೊದಲ ಬಿಳಿ ಹಚ್ಚುವಷ್ಟರಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡಿತು. ಕುಂಚ ಕೆಳಗಿಟ್ಟು ಕೈ ನೀವಿಕೊಂಡಳು.

"ಇವತ್ತಿಗೆ ಸಾಕು. ಉಜ್ಜಿದ ಮರ ಬಾಯಾರಿದ ದನದ ಹಾಗೆ. ಹಚ್ಚಿದ್ದನ್ನೆಲ್ಲ ಕುಡಿಯುತ್ತೆ. ಇನ್ನೂ ಎಷ್ಟು ಸಲ ಹಚ್ಚಿಸ್ಕೊಳ್ಳುತ್ತೋ..."

ಅವನು ಅವಳ ಮಣಿಕಟ್ಟನ್ನು ನೋಡಿದ.

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಬಲ ಅರ್ಧಕ್ಕೆ ಕುಂಚ ಇಟ್ಟಳು. ಬಣ್ಣ ಹರಡಲಿಲ್ಲ. ಎಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ದೂರ ಸರಿಯಿತು. ಇನ್ನೊಮ್ಮೆ ಎಳೆದಳು. ಮತ್ತೆ ಅದೇ. ಬಗ್ಗಿ ಮೂಸಿದಳು.

ಜೇನುಮೇಣ!

ಬೀರುವನ್ನು ಮುಟ್ಟಿದಳು. ಅದಕ್ಕೂ ಮೇಣ. ಮೇಜಿಗೂ ಮೇಣ. ಅಷ್ಟೂ ದಿನಗಳ ಉಜ್ಜಾಟ ನೀರುಪಾಲು.

"ಇದನ್ನ ಹಚ್ಚಿದ್ದು ಯಾರು?"

"ನಾನೇ. ನೀವು ಹೋದ ಮೇಲೆ..." ಅವನ ಮುಖದಲ್ಲಿ ಸಣ್ಣ ಹೆಮ್ಮೆಯೂ ಇತ್ತು. ಅದನ್ನು ಕಂಡು ಅವಳ ಮೈ ಉರಿಯಿತು.

"ಬೇಡ ಅಂತಿದ್ರೆ ಬಾಯಿ ಬಿಟ್ಟು ಬೇಡ ಅನ್ಬೇಕಿತ್ತು! ಎದುರಿಗೆ ಹೂಂ ಅಂದು ಹಿಂದಿನಿಂದ ಕೆಡಿಸೋರನ್ನ ನಾನು ಚೆನ್ನಾಗಿ ನೋಡಿದ್ದೀನಿ. ಹೆತ್ತ ತಾಯಿ ಎಡವಿದ್ರೂ ಪರವಾಗಿಲ್ಲ, ಮರ ಹೊಳೀತಿರ್ಬೇಕು ನಿಮಗೆ. ಅಲ್ವಾ?"

"ಅಯ್ಯೋ, ಹಾಗಲ್ಲ... ನಾನು..."

ಅವಳು ನಿಲ್ಲಲಿಲ್ಲ. ಡಬ್ಬಿಗಳನ್ನೂ ಅಲ್ಲೇ ಬಿಟ್ಟು ಹೊರಟುಹೋದಳು.

ಮನೆಯಲ್ಲಿ ಅತ್ತಿಗೆ ಅವಳ ಮುಖ ನೋಡಿ ಗಲ್ಲಕ್ಕೆ ಕೈ ಕೊಟ್ಟರು. "ಏನಮ್ಮಾ, ಬಣ್ಣವನ್ನೆಲ್ಲ ಅವರ ಮನೆಗೆ ಹಚ್ಚಿ ಮುಖ ಹೀಗೆ ಬಿಳಿಚಿಸ್ಕೊಂಡು ಬಂದಿದ್ದೀಯ?"

"ಆ ಮನೆ ಸುದ್ದಿ ಎತ್ತಬೇಡಿ ಅತ್ತಿಗೆ."

"ಎತ್ತಲ್ಲ ಬಿಡು. ಆದ್ರೆ ದಿನಾ ಎತ್ತುತ್ತಾ ಇದ್ದವಳು ನೀನೇ. ಇವತ್ತು ಕಿವಿ ಊದಿತ್ತು, ನಿನ್ನೆ ಮೂಗು ಊದಿತ್ತು ಅಂತ..."

ಅವಳಿಗೆ ಅಳು ಒತ್ತಿಬಂತು.

ಎರಡು ದಿನ ಕಳೆದಿರಬೇಕು. ಹಾಲು ತರಲು ಹೋಗಿದ್ದ ಅತ್ತಿಗೆ ಬರುವಾಗ ತಮಾಷೆ ಮಾಡುವ ಮುಖದಲ್ಲಿರಲಿಲ್ಲ.

"ಆ ಜೇನಿನವನ ತಾಯಿ ಬಿದ್ರಂತೆ ಕಣೇ. ಬಿಳಿ ಕಂಡಷ್ಟೇ ಪೆಟ್ಟಿಗೆ ಅಂದ್ಕೊಂಡು ಅದನ್ನ ಬಳಸಿ ಹೋದ್ರಂತೆ. ಉಳಿದ ಕಪ್ಪು ಅರ್ಧಕ್ಕೆ ಕಾಲು ತಾಗಿ..."

ಅವಳು ನಿಂತಲ್ಲೇ ನಿಂತಳು. ಪೂರ್ತಿ ಕಪ್ಪಾಗಿದ್ದಾಗ ಆ ತಾಯಿ ಗೋಡೆ ಹಿಡಿದು ಹೆದರಿ ಹೆಜ್ಜೆ ಇಡುತ್ತಿದ್ದರು. ಅರ್ಧ ಬಿಳಿ ಮಾಡಿ ಧೈರ್ಯ ಕೊಟ್ಟವಳು ತಾನು. ಅರ್ಧಕ್ಕೇ ಬಿಟ್ಟು ಬಂದವಳೂ ತಾನು. ತನ್ನ ಸಿಟ್ಟಿಗೆ ಪೆಟ್ಟು ತಿಂದವರು ಯಾರು..?

ಚಪ್ಪಲಿ ಮೆಟ್ಟಿ ಓಡಿದಳು.

ತಾಯಿ ಮಂಚದ ಮೇಲೆ ಕಾಲು ನೀಡಿಕೊಂಡಿದ್ದರು. ಪಾದಕ್ಕೆ ಪಟ್ಟಿ.

"ಬಂದ್ಯಾ ಮಗಳೇ? ಅರ್ಧ ಪೆಟ್ಟಿಗೆ ಕಣ್ಣಿಗೆ ಕಾಣಿಸ್ತು ನೋಡು, ಇನ್ನರ್ಧ ಕಾಲಿಗೆ ಕಾಣಿಸ್ತು."

"ತಪ್ಪಾಯ್ತಮ್ಮಾ..." ಅವರ ಕೈ ಹಿಡಿದು ಕುಸಿದು ಕುಳಿತಳು.

"ಮೂಳೆಗೇನೂ ಆಗಿಲ್ಲ, ಉಳುಕು ಅಷ್ಟೇ. ನನ್ನ ಬಿಡು, ಅವನ್ನ ನೋಡು ಹೋಗು. ನೀನು ಹೋದಾಗಿನಿಂದ ಊಟಕ್ಕೆ ಕರೆದ್ರೂ ಏಳಲ್ಲ."

ಅವನು ಪೆಟ್ಟಿಗೆಯನ್ನು ಹಿಂದಿನ ಜಗಲಿಗೆ ಎಳೆದು ತಂದಿದ್ದ. ಪಕ್ಕದಲ್ಲಿ ಬಿಸಿನೀರು, ಸೋಪು. ಬೆರಳುಗಳೆಲ್ಲ ಬೆಳ್ಳಗೆ ಸುಕ್ಕಾಗಿದ್ದವು. ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಹೋಗ್ತಿಲ್ಲ ಇದು. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ."

"ನೀರಿಗೆ ಮೇಣ ಬಗ್ಗುತ್ತಾ? ಟರ್ಪೆಂಟೈನ್ ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ನಲ್ಲ!"

"ಅದು ನಿಮ್ಮದು. ನಿಮ್ಮನ್ನ ಕೇಳದೆ ಒಂದು ಸಲ ಕೈ ಹಾಕಿ ಆಗಿದ್ದು ಸಾಲದಾ?"

ಅವಳು ಎದುರಿಗೆ ಕುಳಿತಳು. ಅಂದು ಕೇಳಬೇಕಿದ್ದ ಮಾತನ್ನು ಈಗ ಕೇಳಿದಳು.

"ಯಾಕೆ ಹಚ್ಚಿದ್ರಿ?"

ಅವನು ಬಟ್ಟೆ ಹಿಂಡಿದ. ಮತ್ತೆ ಹಿಂಡಿದ.

"ಜೇನುಪೆಟ್ಟಿಗೆಗೆ ನಾವು ಮೇಣ ಹಚ್ತೀವಿ, ಮರ ನೀರು ಕುಡೀಬಾರದು ಅಂತ. ನೀವು ಮರ ಬಣ್ಣ ಕುಡಿಯುತ್ತೆ ಅಂದ್ರಲ್ಲ... ಮೇಣ ಇದ್ರೆ ಕುಡಿಯಲ್ಲ, ಒಂದೇ ಸಲಕ್ಕೆ ಮುಗಿಯುತ್ತೆ, ನಿಮ್ಮ ಕೈಗೆ ಅಷ್ಟು ನೋವು ತಪ್ಪುತ್ತೆ ಅಂದ್ಕೊಂಡೆ. ಬಣ್ಣ ನಿಲ್ಲೋದೇ ಇಲ್ಲ ಅಂತ ನನಗೇನು ಗೊತ್ತು?"

ಹೊಲದ ಕಡೆಯಿಂದ ಗಾಳಿ ಬಂತು. ನನ್ನ ಕೈಗೆ..! ಇಷ್ಟು ವರ್ಷದಲ್ಲಿ ಈ ಕೈ ನೋಯುತ್ತದೆಂದು ಯಾರಿಗೆ ನೆನಪಿತ್ತು?

ಎದ್ದು ಡಬ್ಬಿ ತಂದಳು. ಹಳೆಯ ಬಟ್ಟೆಯನ್ನು ಎರಡಾಗಿ ಹರಿದು ಒಂದನ್ನು ಅವನಿಗೆ ಕೊಟ್ಟಳು.

"ಗುಂಡಗೆ ತಿರುಗಿಸ್ಬೇಡಿ, ಮೇಣ ಹರಡುತ್ತೆ. ಮರದ ಎಳೆ ಹಿಡಿದು ಒಂದೇ ಕಡೆ ಒರೆಸಿ. ಬಟ್ಟೆ ಮಡಿಸ್ತಾ ಇರಿ."

ಇಬ್ಬರೂ ಒರೆಸಿದರು. ಮಧ್ಯಾಹ್ನದ ಹೊತ್ತಿಗೆ ಮೇಣ ಹೋಯಿತು, ಮತ್ತೆ ಉಜ್ಜಬೇಕಿತ್ತು. ಉಜ್ಜುವುದನ್ನು ಅವನು ಅವಳಿಗೆ ಬಿಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಬಿಳಿ ಬಣ್ಣ ಪೆಟ್ಟಿಗೆಯ ಉದ್ದಕ್ಕೂ ನಿಂತಿತು. ಒಳಗಿನಿಂದ ತಾಯಿ ಕೂಗಿದರು, "ಏನ್ರೋ, ಸದ್ದೇ ಇಲ್ಲ? ಮತ್ತೆ ಜಗಳಾನಾ?"

"ಇಲ್ಲಮ್ಮಾ!" ಇಬ್ಬರ ದನಿಯೂ ಒಟ್ಟಿಗೆ ಹೊರಟಿತು. ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ನಗು ನಿಂತ ಮೇಲೆ ಅವಳೆಂದಳು, "ಅವತ್ತು ಬಾಯಿಗೆ ಬಂದದ್ದು ಅಂದುಬಿಟ್ಟೆ. ಅದಕ್ಕೆ ಕ್ಷಮೆ..."

"ಇವತ್ತು ಕೇಳ್ಬೇಡಿ."

"ಯಾಕೆ? ಇನ್ನೂ ಸಿಟ್ಟಾ?"

"ಸಿಟ್ಟಲ್ಲ." ಅವನು ಕುಂಚವನ್ನೇ ನೋಡುತ್ತಿದ್ದ. "ಅದೊಂದು ಬಾಕಿ ಇರಲಿ. ನಾಳೆ ಬೀರು ಮುಗಿಯುತ್ತೆ, ನಾಡಿದ್ದು ಮೇಜು. ಆಮೇಲೆ ನಿಮ್ಮನ್ನ ಕರೆಯೋಕೆ ನಮ್ಮನೇಲಿ ಕಪ್ಪು ಮರ ಯಾವುದೂ ಉಳಿದಿರಲ್ಲ."

ಅವಳು ಅವನತ್ತ ತಿರುಗಿದಳು. "ಬರೀ ಬಾಕಿ ವಸೂಲಿಗಾ ಕರೆಯೋದು?"

"ಇಲ್ಲ... ನೀವು ಇಲ್ಲೇ ಇರಬೇಕು ಅಂತ ನನ್ನಾಸೆ." ಅಷ್ಟು ಹೇಳುವಷ್ಟರಲ್ಲಿ ಅವನ ಕಿವಿಯೆಲ್ಲ ಕೆಂಪಾಗಿತ್ತು. "ಬೇಡ ಅನ್ನೋ ಹಾಗಿದ್ರೆ ಬಾಯಿ ಬಿಟ್ಟೇ ಬೇಡ ಅನ್ನಿ."

ಅವಳು ಬಣ್ಣವಾಗಿದ್ದ ತನ್ನ ಕೈಯನ್ನು ಅವನ ಸುಕ್ಕಾದ ಬೆರಳುಗಳ ಮೇಲಿಟ್ಟಳು.

"ಬೇಡ ಅನ್ನಲ್ಲ. ಹಾಗಿದ್ರೆ ಕ್ಷಮೆ ಕೇಳೋದು ಯಾವಾಗ?"

"ಮುದುಕಿ ಆದ ಮೇಲೆ ಕೇಳು."

ಮೊದಲ ಸಲ ಏಕವಚನದಲ್ಲಿ ಮಾತಾಡಿದ್ದ. ಅವಳು ಅದನ್ನು ತಿದ್ದಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.