ರಾಗಿ ಮಫಿನ್‌ಗೆ ಬಂದ ಸಕ್ಕರೆ

"ಟೀಚರ್, ಒಂದು ಚಮಚ ಸಕ್ಕರೆ ಹಾಕಿದ್ದರೆ ನನ್ನ ಕೈ ಬಿದ್ದುಹೋಗಲಿ!" ಎಂದು ಕಾಪುವಿನ ಪುಷ್ಪಾವತಿ ಬನ್ನಂಜೆಯಲ್ಲಿ ಟೀಚರ ಮನೆಯ ಜಗಲಿಯಲ್ಲಿ ಕುಳಿತು ಅಳತೊಡಗಿದಾಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ.

ಕೇಳುತ್ತಿದ್ದವರು ರೋಸಲಿನ್ ಟೀಚರ್. ಗೃಹವಿಜ್ಞಾನ ಕಲಿಸಿ ನಿವೃತ್ತರಾದವರು, ಊರಿನ ಎಷ್ಟೋ ಸುಳ್ಳುಗಳನ್ನು ಅಡುಗೆಮನೆಯಲ್ಲೇ ಹಿಡಿದವರು. ಪಕ್ಕದಲ್ಲಿ ಮಹಡಿಯ ಬಾಡಿಗೆಯ ಸುಗಂಧಿ. ಟೀಚರನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು ಅವಳ ಕೆಲಸ, ಜನರನ್ನು ಕಂಡು ಮೂಗು ಮುರಿಯುವುದು ಅವಳ ಹವ್ಯಾಸ.

ವಿಷಯ ಇಷ್ಟು. ಮಣಿಪಾಲದ ನರ್ಸ್ ಜೆನಿಟಾ, ಬೆಳಗ್ಗೆ ತಿಂಡಿಗೆ ಪುರುಸೊತ್ತಿಲ್ಲದವರಿಗಾಗಿ ರಾಗಿ–ಬಾಳೆಹಣ್ಣಿನ ಮಫಿನ್ ಮಾಡಿಸಿ ಮಾರುತ್ತಿದ್ದಳು. ಸಕ್ಕರೆಯಿಲ್ಲ, ಮೈದಾ ಇಲ್ಲ. ಕಾಗದದ ಬದಲು ಅಚ್ಚಿಗೆ ಬಾಳೆಲೆ ಹಾಸಿ ಬೇಯಿಸುವುದು ಪುಷ್ಪಾವತಿಯ ಉಪಾಯ. ಸಂಜೆ ಅವಳು ಎಲ್ಲ ಅಣಿಮಾಡಿಟ್ಟು ಕಾಪುವಿಗೆ ಹೋದರೆ, ಬೆಳಗ್ಗೆ ಐದಕ್ಕೆ ಕಲಸಿ ಓವನ್‌ಗೆ ಇಡುವವನು ಜೆನಿಟಾಳ ಗಂಡ ಕಾರ್ಲ್ಟನ್. ಇಂದು ಅದನ್ನು ತಿಂದ ಪಕ್ಕದ ಮನೆಯ ಮ್ಯಾಥ್ಯೂ ಅವರ ರಕ್ತದ ಸಕ್ಕರೆ ಮುನ್ನೂರು ದಾಟಿತ್ತು. 'ಕೆಲಸದವಳು ಹಿಟ್ಟಿಗೆ ಸಕ್ಕರೆ ಬೆರೆಸಿದ್ದಾಳೆ, ತೆಗೆದುಹಾಕಿದ್ದೇವೆ' ಎಂದು ಕಾರ್ಲ್ಟನ್ ಇನ್ನೂರು ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಬರೆದಿದ್ದ. ಇನ್ನು ಯಾವ ಮನೆಯವರು ಪುಷ್ಪಾವತಿಯನ್ನು ಒಲೆಯ ಹತ್ತಿರ ಬಿಟ್ಟಾರು?

ಟೀಚರನ್ನು ಸ್ಕೂಟರಿನಲ್ಲಿ ಜೆನಿಟಾಳ ಮನೆಗೆ ಕರೆತಂದು ಕಾರ್ಲ್ಟನ್‌ನನ್ನು ಕಂಡದ್ದೇ ಸುಗಂಧಿಗೆ ಮೈ ಉರಿಯಿತು. 'ಐದಕ್ಕೆ ಎದ್ದವನೇ ಗೆದ್ದವನು' ಎಂದು ದಿನವೂ ವಿಡಿಯೊ ಬಿಡುವ ಆಸಾಮಿ ಅವನು. ಲೋಕಕ್ಕೆಲ್ಲ ಬುದ್ಧಿ ಹೇಳುವ ಗತ್ತು ಬೇರೆ.

"ಇಂಥವರನ್ನು ನಂಬಲಿಕ್ಕಾಗುವುದಿಲ್ಲ ಟೀಚರ್," ಎಂದ. "ಶಿಸ್ತು ಅಂದರೆ ಎಂತ ಅಂತಲೇ ಗೊತ್ತಿಲ್ಲ."

ಟೀಚರ್ ನೇರ ಪಕ್ಕದ ಮ್ಯಾಥ್ಯೂ ಅವರ ಮನೆಗೆ ನಡೆದರು. "ಬೇರೆ ಎಂತ ತಿಂದದ್ದು?"

"ಎಂತದೂ ಇಲ್ಲ ಮಾರಾಯ್ತಿ. ಇವತ್ತು ರುಚಿ ಜಾಸ್ತಿ ಉಂಟು ಅಂತ ಎರಡು ತಿಂದೆ, ಅಷ್ಟೆ."

ಡಬ್ಬಿಯಲ್ಲಿ ಒಂದು ಉಳಿದಿತ್ತು. ಹಸುರು ಬಾಳೆಲೆಯಲ್ಲಿ ಕುಳಿತ ಕಂದು ಮಫಿನ್. ನೋಡಲು ಚಂದ ಎಂದು ಸುಗಂಧಿಯೂ ಒಪ್ಪಿದಳು. ಟೀಚರ್ ಎಲೆ ಬಿಡಿಸಿ ಮಫಿನ್‌ನ ಬದಿ ಸವರಿದರು. ಅಲ್ಲಿ ಸಣ್ಣ ನೆರಿಗೆಗಳಿದ್ದವು. ಆಮೇಲೆ ಕಾರ್ಲ್ಟನ್‌ನ ಹಿತ್ತಲಿಗೆ ಹೋಗಿ ಬಾಳೆಯ ಬುಡ ನೋಡಿದರು. ಕಾಗೆಗಳು ಅಲ್ಲಿ ಏನನ್ನೋ ಕುಕ್ಕುತ್ತಿದ್ದವು.

ಎರಡು ಗಂಟೆಗೆ ಜೆನಿಟಾ ರಾತ್ರಿಯಿಂದ ಎರಡು ಪಾಳಿ ಮುಗಿಸಿ ಬಂದಳು. ಟೀಚರ್ ಪುಷ್ಪಾವತಿಯನ್ನೂ ಕರೆಸಿದರು, ಎಲ್ಲರೂ ಜೆನಿಟಾಳ ಊಟದ ಮೇಜಿನ ಸುತ್ತ ಸೇರಿದರು.

"ಪುಷ್ಪಾ, ಓವನ್‌ನಲ್ಲಿ ಬೆಂದ ಬಾಳೆಲೆ ಹೇಗಿರುತ್ತದೆ?" ಟೀಚರ್ ಕೇಳಿದರು.

"ಕಂದು ಬಣ್ಣ ಬಂದು ಮುರುಟಿ ಹೋಗುತ್ತದೆ ಟೀಚರ್."

ಟೀಚರ್ ಡಬ್ಬಿ ತೆರೆದರು. ಜೆನಿಟಾ ಬಗ್ಗಿ ನೋಡಿದಳು. ಅವಳ ಮುಖ ಬಿಳಿಚಿತು.

"ಈ ಎಲೆ ಓವನ್ ಕಂಡೇ ಇಲ್ಲ. ಎಲ್ಲರೂ ಸಕ್ಕರೆ ಹುಡುಕಿದಿರಿ, ಎಲೆ ಯಾರೂ ನೋಡಲಿಲ್ಲ. ಎಲೆಯಲ್ಲೇ ಬೆಂದಿದ್ದರೆ ಬದಿಯಲ್ಲಿ ಎಲೆಯ ಗೆರೆ ಮೂಡಬೇಕಿತ್ತು. ಇದರಲ್ಲಿರುವುದು ಕಾಗದದ ಕಪ್‌ನ ನೆರಿಗೆ. ಬೇಕರಿಯ ಚಾಕೊಲೇಟ್ ಮಫಿನ್ ಇದು. ರಾಗಿಯ ಬಣ್ಣಕ್ಕೆ ಹತ್ತಿರ. ಪುಷ್ಪಾ ಅಣಿಮಾಡಿದ ಹಿಟ್ಟು, ಹಣ್ಣು ಹಿತ್ತಲ ಬಾಳೆಯ ಬುಡದಲ್ಲುಂಟು, ಕಾಗೆಗಳು ಇನ್ನೂ ಪೂರ್ತಿ ಮುಗಿಸಿಲ್ಲ. ಅದೇ ಗಿಡದ ಎಲೆ ಇವತ್ತೇ ಕೊಯ್ದದ್ದು, ಸೊನೆ ಆರಿಲ್ಲ. ಬೆಳಗ್ಗೆ ಈ ಮನೆಯಲ್ಲಿ ಇದ್ದವನು ಒಬ್ಬನೇ. ಎಷ್ಟಕ್ಕೆ ಎದ್ದೆ ಕಾರ್ಲ್ಟನ್?"

"ಅಲಾರಂ ಕೇಳಲಿಲ್ಲ..." ಅವನ ಗತ್ತು ಇಳಿದುಹೋಗಿತ್ತು. "ಏಳಾಗಿತ್ತು."

"ಮತ್ತೆ ಐದು ಗಂಟೆಯ ವಿಡಿಯೊ?" ಸುಗಂಧಿಗೆ ತಡೆಯಲಾಗಲಿಲ್ಲ.

"ಅದು... ಹಿಂದಿನ ಸಂಜೆಯೇ ಮಾಡಿಡುವುದು."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ತನ್ನ ನಿದ್ದೆ ಮುಚ್ಚಿಕೊಳ್ಳಲು ಒಬ್ಬಳ ಅನ್ನಕ್ಕೇ ಕಲ್ಲು ಹಾಕಿದವನ ಮುಖ ನೋಡುವುದೂ ಸುಗಂಧಿಗೆ ಬೇಡವಾಯಿತು.

ಜೆನಿಟಾ ಗಂಡನತ್ತ ತಿರುಗಲಿಲ್ಲ. ಅಡುಗೆಮನೆಯ ಕೀಲಿಕೈ ತಂದು ಚಾಚಿದಳು. "ತಪ್ಪಾಯಿತು ಪುಷ್ಪಕ್ಕ."

"ಕೀ ಆಮೇಲೆ," ಎಂದಳು ಪುಷ್ಪಾವತಿ. "ನನ್ನ ಮಾನ ಹೋದದ್ದು ಆ ಗುಂಪಿನಲ್ಲಿ. ಅಲ್ಲೇ ಹೇಳಲಿ, ಅವರ ಬಾಯಿಂದಲೇ."

ಕಾರ್ಲ್ಟನ್ ಫೋನ್ ಹಿಡಿದು ಗುಂಪಿಗೆ ಧ್ವನಿ ಸಂದೇಶ ಕಳಿಸಿದ. ಏಳಕ್ಕೆ ಎದ್ದದ್ದು, ಬೇಕರಿಗೆ ಓಡಿದ್ದು, ಸುಳ್ಳು ಬರೆದದ್ದು, ಒಂದೂ ಬಿಡದಂತೆ ಹೇಳಿಸಿದರು ಟೀಚರ್. ಪುಷ್ಪಾವತಿ ಕೊನೆಯವರೆಗೂ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಕೀಲಿಕೈ ತೆಗೆದುಕೊಂಡಳು.

"ಕತ್ತಿ ಎಲ್ಲಿಟ್ಟಿದ್ದೀರಿ?" ಎಂದು ಕಾರ್ಲ್ಟನ್‌ನನ್ನೇ ಕೇಳಿದಳು. "ನಾಳೆಗೆ ಎಲೆ ಕೊಯ್ಯಬೇಕು."