ಮುಂದಿನ ಗರಿಯ ಹೊಂಬಾಳೆ

ಅವಳು ನನ್ನ ಜೊತೆ ಆಡಿದ ಮೊದಲ ಮಾತು, "ಗಂಡಸರೆಲ್ಲ ಎಲ್ಲಿ?"

ಸುತ್ತ ನೋಡಿದೆ. ಸಸ್ಯತೋಟದ ಆಫೀಸಿನ ಮಹಡಿ ಕೋಣೆ. ಉದ್ದನೆ ಮೇಜು, ಬಣ್ಣದ ಬಟ್ಟಲುಗಳು, ಭೂತಕನ್ನಡಿ, ಅದರ ಹಿಂದೆ ನಲವತ್ತು ದಾಟಿದ ಒಬ್ಬ ಹೆಂಗಸು. ಗಂಡಸು ಅಂತ ಇದ್ದಿದ್ದು ನಾನೊಬ್ಬನೇ.

"ನಾನಿದ್ದೀನಲ್ಲ ಮೇಡಂ."

"ನೀವಲ್ಲ. ಗಂಡು ಹೂವು! ಒಂದೂ ಇಲ್ವಲ್ಲ?"

ತೋಟದಲ್ಲಿ ಮರ ಹತ್ತೋದು ನನ್ನ ಕೆಲಸ. ನನ್ನನ್ನ ಎಲ್ಲರೂ ಕರೆಯೋದು ಏಣಿ ಅಂತ. ಚಿತ್ರ ಬರೆಯೋ ಮೇಡಂ ಬಂದಿದ್ದಾರೆ, ಆಗಷ್ಟೇ ಬಿಚ್ಚಿದ ತೆಂಗಿನ ಹೊಂಬಾಳೆ ಒಂದು ಕೊಡು, ನೀಟಾಗಿರಲಿ ಅಂದಿದ್ರು ಸಾಹೇಬರು. ನೀಟಾಗಿಯೇ ಕೊಟ್ಟೆ. ಚೆನ್ನಾಗಿ ಒದರಿ, ಪೈಪಿನಲ್ಲಿ ತೊಳೆದು, ಅಕ್ಕನ ಬಾಚಣಿಗೆಯಲ್ಲಿ ಎಳೆ ಎಳೆಯಾಗಿ ಬಾಚಿದ್ದೆ.

"ಆ ಹಳದಿ ಕಾಳು ಕಸ ಅಂದ್ಕೊಂಡು ಅಕ್ಕನ ಬಾಚಣಿಗೆಯಲ್ಲಿ ಬಾಚಿಬಿಟ್ಟೆ," ಅಂದೆ.

"ಒಂದೊಂದು ಎಳೆಗೂ ಇನ್ನೂರು ಮುನ್ನೂರು ಗಂಡು ಹೂವು. ಬುಡದಲ್ಲಿ ಗುಂಡಿ ಥರ ಒಂದೋ ಎರಡೋ ಹೆಣ್ಣು. ನೀವು ಎಂಟು ಸಾವಿರ ಗಂಡಸರನ್ನ ತೊಳೆದು ಮೋರಿಗೆ ಹಾಕಿದ್ದೀರಿ."

"ತಿಂಡಿಗೆ ಮುಂಚೆನೇ," ಅಂದೆ ವಿನಯವಾಗಿ.

ಅವಳು ಕುಂಚದ ಹಿಂಬದಿ ಕಚ್ಚಿಕೊಂಡು ಕಿಟಕಿ ಕಡೆ ತಿರುಗಿದಳು. ಬೆನ್ನು ನಗ್ತಾ ಇತ್ತು. ಬೆನ್ನು ನಗೋದನ್ನ ನಾನು ನೋಡಿದ್ದು ಅದೇ ಮೊದಲು.

ಪುಸ್ತಕವೊಂದಕ್ಕೆ ಒಂದು ಹೊಂಬಾಳೆಯ ಇಡೀ ಬಾಳು ಬರೆಯಬೇಕಾಗಿತ್ತಂತೆ. ಮುಚ್ಚಿದ್ದು, ಸೀಳಿದ್ದು, ಗಂಡು ಅರಳಿದ್ದು, ಉದುರಿದ್ದು, ಹೆಣ್ಣು ಬಾಯಿಬಿಟ್ಟಿದ್ದು. ಐದು ಚಿತ್ರ. ತೋಟದವರು ಕೊಟ್ಟಿದ್ದು ಎರಡು ತಿಂಗಳು, ಒಂದು ದಿನ ಹೆಚ್ಚಿಲ್ಲ. ಕಿಟಕಿ ಎದುರಿನ ಮರದಲ್ಲಿ ಇನ್ನೊಂದು ಹೊಂಬಾಳೆ ಬಿಚ್ಚೋಕೆ ಒಂದು ತಿಂಗಳು ಕಾದೆವು. ಬಿಚ್ಚಿದ ಮೇಲೆ ದಿನಾ ಹತ್ತಿ ಒಂದು ಎಳೆ ಕಿತ್ತು ತರೋದು ನನ್ನ ಪಾಲಿಗೆ ಬಂತು. ತೊಳೀಬಾರದು ಅಂತ ಮೂರು ಸಲ ಹೇಳಿದಳು.

ಎಳೆ ಕೊಟ್ಟು ಸುಮ್ಮನೆ ಬರೋಕಾಗುತ್ತಾ? ದಿನಕ್ಕೊಂದು ಸುದ್ದಿನೂ ಕೊಡ್ತಿದ್ದೆ. ಒಂದು ಸಲ ಮರದ ಮೇಲೆ ನಿದ್ದೆ ಹೋಗಿ, ಎದ್ದು ಇಳಿಯೋ ಹೊತ್ತಿಗೆ ಮರ ಎರಡಡಿ ಬೆಳೆದು, ಏಣಿ ಸಾಲದೆ ಬಂದಿದ್ದು. ಗಿಳಿಯೊಂದು ನನ್ನ ಟೋಪಿಯಲ್ಲಿ ಸಂಸಾರ ಹೂಡಿ, ನಾನು ಬರಿತಲೆಯಲ್ಲಿ ಬೇಸಿಗೆ ಕಳೆದಿದ್ದು.

"ಎಷ್ಟು ಮರಿ?" ಅಂತ ಕೇಳ್ತಿದ್ದಳು, ತಲೆ ಎತ್ತದೆ.

"ನಾಲ್ಕು. ಒಂದಕ್ಕೆ ನನ್ನದೇ ಮೂಗು."

ಅವಳೂ ಸುದ್ದಿ ಹೇಳ್ತಿದ್ದಳು, ಆದರೆ ನಿಜದ್ದು. ಒಂದೊಂದು ಗರಿಯ ಕಂಕುಳಲ್ಲೂ ಒಂದು ಹೊಂಬಾಳೆ ಇರುತ್ತಂತೆ. ಇವತ್ತು ಬಿಚ್ಚಿದ್ದು ಎರಡೂವರೆ ವರ್ಷದ ಹಿಂದೆನೇ ಒಳಗೆ ಹುಟ್ಟಿರುತ್ತಂತೆ. ಹೊರಗೆ ಏನೂ ಕಾಣಲ್ಲ.

"ಇಷ್ಟು ವರ್ಷ ಅದರ ಪಕ್ಕ ಕೂತು ಬೀಡಿ ಸೇದಿದ್ದೀನಿ," ಅಂದೆ. "ಒಂದು ಮಾತು ಹೇಳ್ಲಿಲ್ಲ ನೋಡಿ."

"ಕೆಲವರು ಹಾಗೇ," ಅಂದಳು. ಆಗ ತಲೆ ಎತ್ತಿದಳು. ಭೂತಕನ್ನಡಿ ಇನ್ನೂ ಕಣ್ಣಿಗೇ ಹಿಡಿದಿದ್ದಳು. ಆ ಒಂದು ಕಣ್ಣು ಬಟ್ಟಲಿನಷ್ಟು ದೊಡ್ಡದಾಗಿ ನನ್ನನ್ನೇ ನೋಡ್ತು. ಅವತ್ತು ಮೆಟ್ಟಿಲು ಇಳಿಯುವಾಗ ಎರಡು ಸಲ ಎಡವಿದೆ. ಅರವತ್ತಡಿ ಮರದಿಂದ ಒಮ್ಮೆಯೂ ಜಾರದವನು.

ಇಪ್ಪತ್ತನೇ ದಿನ ಗಂಡು ಹೂವೆಲ್ಲ ಉದುರಿ ಮುಗೀತು. ನಾಲ್ಕು ಚಿತ್ರ ಆಯ್ತು. ಉಳಿದಿದ್ದು ಒಂದೇ. ಶನಿವಾರ ಅವಳ ಗಡುವು.

ಮರುದಿನ ಮೇಲೆ ಹೋಗಿ ನೋಡಿದರೆ ಹೆಣ್ಣು ಹೂವಿನ ತುದಿ ಒದ್ದೆಯಾಗಿ ಮಿನುಗ್ತಾ ಇದೆ. ಈ ಎಳೆ ಕೊಟ್ಟರೆ ಚಿತ್ರ ಮುಗೀತು, ಮೇಡಂ ಹೊರಟರು. ಬರಿಗೈಲಿ ಇಳಿದೆ.

"ಇನ್ನೂ ಬಾಯಿ ಬಿಟ್ಟಿಲ್ಲ ಮೇಡಂ. ಎಳೆ ಕಿತ್ತರೆ ನೊಂದ್ಕೊಳ್ಳುತ್ತೆ. ಸ್ವಲ್ಪ ಕಾಯೋಣ."

"ಹೌದಾ?" ಅಂದಳು ಅಷ್ಟೇ.

ಎರಡನೇ ದಿನವೂ ಹಾಗೇ. ಮೂರನೇ ದಿನ, ಶನಿವಾರವೂ ಹಾಗೇ. ಗಿಳಿ ಸುದ್ದಿ ಯಾವುದೂ ಬಾಯಿಗೆ ಬರಲಿಲ್ಲ. ಮಧ್ಯಾಹ್ನ ಮನೇಲಿ ಅಕ್ಕ ತಟ್ಟೆ ಕುಕ್ಕಿದಳು. "ಮೂರು ದಿನದಿಂದ ಒಂದು ಸುಳ್ಳೂ ಹೇಳಿಲ್ಲ ನೀನು. ಜ್ವರಾನಾ?"

"ಚಿತ್ರ ಮುಗಿದ್ರೆ ಮೇಡಂ ಇವತ್ತು ಹೋಗ್ಬಿಡ್ತಾರಕ್ಕ. ಅದಕ್ಕೆ ಹೂವು ಬಿಟ್ಟಿಲ್ಲ ಅಂದಿದ್ದೀನಿ."

"ಅಲ್ವೋ, ಅದು ನಿನ್ನ ಮೇಡಂ ಬರೆಯೋವರೆಗೂ ಬಾಯಿ ತೆಗೆದುಕೊಂಡು ಕೂತಿರುತ್ತಾ? ಮುಚ್ಕೊಂಡ್ರೆ ಅವಳ ಚಿತ್ರದ ಗತಿ?"

ತಟ್ಟೆ ಪಕ್ಕಕ್ಕೆ ತಳ್ಳಿದೆ. ಅವಳು ಉಳೀಲಿ ಅಂತ ಅವಳ ಕೆಲಸಕ್ಕೇ ಕಲ್ಲು ಹಾಕಿದ್ದೆ.

ಓಡಿದೆ. ಹತ್ತಿದೆ. ಹೆಣ್ಣು ಹೂವುಗಳ ತುದಿ ಒಂದೊಂದಾಗಿ ಕಂದು ತಿರುಗಿ ಒಣಗಿದ್ದವು. ಎಳೆ ಎಳೆ ತಡವಿದೆ. ಕೊನೆಗೆ ಕೆಳಗಿನ ಒಂದು ಎಳೆಯ ಬುಡದಲ್ಲಿ ಒಂದೇ ಒಂದು, ಇನ್ನೂ ಒದ್ದೆ. ಅದನ್ನ ಕೀಳೋಕೆ ಬಗ್ಗಿದರೆ ತಲೆಗೆ ಏನೋ ತಾಗ್ತು. ಮುಂದಿನ ಗರಿಯ ಕಂಕುಳಲ್ಲಿದ್ದ ಹೊಂಬಾಳೆ ಸೀಳಿಕೊಂಡಿತ್ತು! ಅದರ ಹಳದಿ ಹುಡಿ ನನ್ನ ಕೂದಲು, ಮೀಸೆ, ಕೆಳಗಿನ ಆ ಹೂವು, ಎಲ್ಲದರ ಮೇಲೂ.

ಮಹಡಿಗೆ ಹೋದಾಗ ಪೆಟ್ಟಿಗೆ ತೆರೆದಿತ್ತು, ಬಣ್ಣದ ಬಟ್ಟಲು ತೊಳೆದು ಬೋರಲು ಹಾಕಿತ್ತು.

"ಮೂರು ದಿನದಿಂದ ಅರಳಿತ್ತು," ಅಂದೆ. "ನಾನು ಸುಳ್ಳು ಹೇಳಿದೆ. ನೀವು ಹೋಗ್ಬಿಡ್ತೀರ ಅಂತ. ಇದೊಂದೇ ಉಳಿದಿರೋದು, ಬೇಗ ಬರೆದುಬಿಡಿ. ಆಮೇಲೆ ಬೈದರೂ ಸರಿ."

ಅವಳು ಎಳೆ ತೊಗೊಂಡಳು. ಬೈಯಲಿಲ್ಲ. ಒಂದು ಬಟ್ಟಲು ನೆಟ್ಟಗೆ ಇಟ್ಟು ನೀರು ಹಾಕಿದಳು.

"ಗೊತ್ತಿತ್ತು," ಅಂದಳು.

"ಏನು?"

"ಕಿಟಕಿಯಲ್ಲಿ ನನ್ನ ದುರ್ಬೀನು ಇದೆ ನೋಡಿ. ಮೂರು ದಿನದಿಂದ ಇರುವೆ ಸಾಲು ಹಿಡಿದು ಹೊಂಬಾಳೆಗೆ ಹೋಗ್ತಿವೆ. ಗಂಡು ಹೂವು ಉದುರಿಹೋಗಿವೆ. ಹೆಣ್ಣು ಹೂವಿನ ಜೇನಿಗಲ್ಲದೆ ಇರುವೆಗೆ ಅಲ್ಲೇನು ಕೆಲಸ?"

"ಮತ್ತೆ ಯಾಕೆ ಸುಮ್ಮನಿದ್ರಿ? ಚಿತ್ರ?"

"ಚಿತ್ರಕ್ಕೆ ಮುಂದಿನ ಗರಿ ಇದೆ. ಇನ್ನೊಂದು ತಿಂಗಳು ಬೇಕು ಅಂತ ಸಾಹೇಬರಿಗೆ ಕಾಗದ ಬರೆದಿಟ್ಟೆ." ಮೇಜಿನ ಡ್ರಾಯರಿನಿಂದ ಲಕೋಟೆ ತೆಗೆದಳು. "ನೀವು ನಿಜ ಹೇಳಿದರೆ ಕೊಡೋದು. ಹೇಳದಿದ್ದರೆ ಹರಿದು, ಸಂಜೆ ಬಸ್ಸು ಹತ್ತೋದು."

"ಮುಂದಿನದು ಆಗಲೇ ಬಿಚ್ಚಿದೆ. ಇದಿನ್ನೂ ಮುಗಿಯೋ ಮುಂಚೆನೇ."

"ಇದು ನಿಜಾನಾ?"

ತಲೆ ಬಗ್ಗಿಸಿ ಕೂದಲು ಒದರಿದೆ. ಬಿಳಿ ಹಾಳೆ ಮೇಲೆ ಹಳದಿ ಹುಡಿ ಉದುರಿತು. ಅವಳು ಅದನ್ನ ಊದಲಿಲ್ಲ. ಬೆರಳ ತುದಿಯಲ್ಲಿ ಮುಟ್ಟಿ, ಅದೇ ಬೆರಳಲ್ಲಿ ನನ್ನ ಮೀಸೆ ಒರೆಸಿದಳು.

"ನಂಗೆ ಹೊಂಬಾಳೆ ಥರ ಎರಡೂವರೆ ವರ್ಷ ಬೇಕಾಗಲಿಲ್ಲ," ಅಂದಳು. "ಮೊದಲ ದಿನದ ಆ ಬಾಚಣಿಗೆನೇ ಸಾಕಾಗಿತ್ತು."

ಲಕೋಟೆ ಕೊಟ್ಟಳು. ಸಾಹೇಬರ ಮೇಜಿನ ಮೇಲಿಟ್ಟು, ಮನೆಗೆ ಬಂದು ಬಾಗಿಲಲ್ಲಿ ನಿಂತೆ.

"ಯಾಕೋ ಮೈಯೆಲ್ಲ ಹಳದಿ? ಕಾಮಾಲೆನಾ?"

"ಅಕ್ಕ, ಮೇಡಂ ನನ್ನ ಒಪ್ಕೊಂಡ್ರು."

ಅಕ್ಕನ ಮುಖದಲ್ಲಿ ಎಂಥ ನೆಮ್ಮದಿ!

"ಅಬ್ಬಾ," ಅಂದಳು. "ಮತ್ತೆ ಸುಳ್ಳು ಶುರು ಮಾಡಿದೆಯಲ್ಲ. ಜ್ವರ ಬಿಡ್ತು."

ಮಾರನೇ ಬೆಳಿಗ್ಗೆ ಅವಳೇ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಅಕ್ಕನಿಗೊಂದು ಹೊಸ ಬಾಚಣಿಗೆ.